ಬೆಳಗಾದರೆ ಬ್ಯಾಟರಿ ಡೌನ್!

ಶಿವಮೊಗ್ಗದ ಹೊಸಮನೆಯ ಒಂದು ಬೆಳಗು. ಮಗಳಿಗೆ ಪರೀಕ್ಷೆ, ಅಪ್ಪ ಕೀಲಿ ತಿರುಗಿಸಿದರೆ ಕಾರು ‘ಟಿಕ್’ ಎಂದು ಸುಮ್ಮನಾಗುತ್ತದೆ. ತಿಂಗಳಲ್ಲಿ ಇದು ಮೂರನೇ ಸಲ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ತುಸು ತಾಳಿ. ದೋಷ ಬ್ಯಾಟರಿಯದೇ ಎಂದವರಾರು?

ಮಲ್ಟಿಮೀಟರನ್ನು ಮಗಳ ಕೈಗೇ ಕೊಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕೆ ಇಳಿದಿದ್ದರೆ ಬಹುತೇಕ ಬರಿದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್, ಬೆಲ್ಟ್ ನೋಡಿಸಿ.

ಅದೂ ಸರಿಯಿದ್ದರೆ ಎಲ್ಲೋ ಕಳ್ಳ ಸೋರಿಕೆ. ಡಿಕ್ಕಿಯ 5 ವಾಟ್ ದೀಪ ಆರದೆ ಉಳಿದರೂ ಸಾಕು, ದಿನಕ್ಕೆ 10 ಆಂಪಿಯರ್-ಗಂಟೆ ಖರ್ಚು! ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನವೂ ಬಾಳದು. (ಪಠ್ಯದ ಲೆಕ್ಕ ಹೀಗೂ ಉಪಯೋಗಕ್ಕೆ ಬರುತ್ತದೆ.) ಎಲ್ಲವನ್ನೂ ಆರಿಸಿ, ಋಣ ತುದಿಯ ತಂತಿ ಕಳಚಿ, ನಡುವೆ ಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಜೋಡಿಸಿ ಅರ್ಧ ಗಂಟೆ ಬಿಡಿ. ಕೀಲಿ ಮಾತ್ರ ಮುಟ್ಟಬೇಡಿ, ಮೀಟರ್ ಸುಟ್ಟೀತು. 50 ಮಿಲಿಆಂಪಿಯರ್ ದಾಟಿದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಮುಳ್ಳು ಇಳಿಯಿತೋ, ಕಳ್ಳ ಆ ಸಾಲಿನಲ್ಲಿದ್ದಾನೆ.

ಸೋರಿಕೆಯೂ ಇಲ್ಲವೇ? ಮಲೆನಾಡ ಮಳೆಯಲ್ಲಿ ವೈಪರ್, ದೀಪ ಹಾಕಿಕೊಂಡು ಶಾಲೆಯವರೆಗಿನ ಒಂದೆರಡು ಕಿಲೋಮೀಟರ್ ಓಟ, ಸ್ಟಾರ್ಟ್ ಮಾಡಿದ ಸಾಲವನ್ನೂ ತೀರಿಸದು. ವಾರಕ್ಕೊಮ್ಮೆ ಭದ್ರಾವತಿಯವರೆಗಾದರೂ ಹೋಗಿಬನ್ನಿ.