ಬಾಲಕ್ಕೂ ಬೆಲೆ ತೆತ್ತ ಕಾಲ: ಅರಬ್ಬಿ ಕುದುರೆಯಿಂದ ನಾಯಿ ಬಿಸ್ಕತ್ತಿನವರೆಗೆ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಸಾಕುಪ್ರಾಣಿಗಳ ಸಾಮಗ್ರಿ ಮಾರುವ ಅಂಗಡಿಗಳು ಈಗ ಅಪರೂಪವಲ್ಲ. ಒಳಗೆ ಕಾಲಿಟ್ಟರೆ ನಾಯಿಯ ಬೆಲ್ಟು, ಬೆಕ್ಕಿನ ಮರಳು, ಮೀನಿನ ಗಾಜಿನ ತೊಟ್ಟಿ, ಗೋಡೆಯುದ್ದಕ್ಕೂ ಆಹಾರದ ಚೀಲಗಳು. ಚೀಲದ ಮುಂದೆ ದಷ್ಟಪುಷ್ಟ ನಾಯಿಯ ಚಿತ್ರ ಇರುತ್ತದೆ. ಹಿಂದೆ ತಿರುಗಿಸಿದರೆ ಕನ್ನಡಕ ಹಾಕಿಕೊಂಡು ಓದಬೇಕಾದ ಸಣ್ಣ ಅಕ್ಷರಗಳು: ತಯಾರಾದ ದೇಶ, ಆಮದು ಮಾಡಿಕೊಂಡವರ ಹೆಸರು, ವಿಳಾಸ, ತಿಂಗಳು, ಬೆಲೆ.

ಒಂದು ತಲೆಮಾರಿನ ಹಿಂದೆ ಈ ಜಿಲ್ಲೆಯ ನಾಯಿಗೆ ಮನೆಯವರು ಉಂಡು ಮಿಕ್ಕ ರಾಗಿ ಮುದ್ದೆಯೇ ಊಟ. ಬೆಕ್ಕಿಗೆ ಹಾಲು-ಅನ್ನ. ಹಾಗಿರುವಾಗ ಪ್ರಾಣಿಯ ಮೇವು ಸಮುದ್ರ ದಾಟಿ ಬರುವುದು ಹೊಸ ಕಾಲದ ಶೋಕಿ ಎಂದು ಹಿರಿಯರು ಮೂಗು ಮುರಿದರೆ ಆಶ್ಚರ್ಯವಿಲ್ಲ. ಆದರೆ ಕಡಲಾಚೆಯಿಂದ ಪ್ರಾಣಿಯನ್ನು ತರಿಸುವುದು, ಅದನ್ನು ಬದುಕಿಸಿಕೊಳ್ಳಲು ಹೆಣಗುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಈ ವ್ಯಾಪಾರದಲ್ಲಿ ಅಂದು ಎದ್ದ ಪ್ರಶ್ನೆಗಳೇ ಇಂದೂ ಇವೆ. ದಾರಿಯಲ್ಲಿ ನಷ್ಟವಾದರೆ ಯಾರು ಹೊರಬೇಕು? ತಂದದ್ದನ್ನು ಉಳಿಸಿಕೊಳ್ಳುವ ತಿಳಿವಳಿಕೆ ಯಾರಲ್ಲಿದೆ? ಕೆಟ್ಟರೆ ಜವಾಬು ಯಾರದು?

ಸತ್ತ ಕುದುರೆಗೂ ಹಣ

ವಿಜಯನಗರದ ಸೈನ್ಯಕ್ಕೆ ಬೇಕಾದ ಉತ್ತಮ ಕುದುರೆಗಳು ಅರೇಬಿಯ ಮತ್ತು ಪರ್ಷಿಯಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಹೊರ್ಮುಜ್ ಈ ವ್ಯಾಪಾರದ ದೊಡ್ಡ ಕೇಂದ್ರ. ಇತ್ತ ಭಟ್ಕಳದಂಥ ಬಂದರುಗಳಲ್ಲಿ ಕುದುರೆಗಳು ಇಳಿದು ಘಟ್ಟ ಹತ್ತುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಈ ವ್ಯಾಪಾರದ ಜುಟ್ಟು ಅವರ ಕೈಗೆ ಬಂತು.

ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತ ಬರೆದಿಟ್ಟ ಪೋರ್ಚುಗೀಸ ಫೆರ್ನಾವೊ ನುನಿಜ್ ಸ್ವತಃ ಕುದುರೆ ವ್ಯಾಪಾರಿಯಾಗಿದ್ದನೆಂದು ವಿದ್ವಾಂಸರು ಭಾವಿಸುತ್ತಾರೆ. ರಾಯರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಆತ ಹೇಳುತ್ತಾನೆ. ಇದರಲ್ಲಿ ಹೊರ್ಮುಜಿನವೂ ನಾಡತಳಿಗಳೂ ಸೇರಿದ್ದವು. ಇದಕ್ಕಿಂತ ಸ್ವಾರಸ್ಯದ ಸಂಗತಿ ಸಾಳುವ ನರಸಿಂಹನ ಕಾಲದ್ದು. ಆ ದೊರೆ ಒಂದು ಸಾವಿರ ಪರ್ದಾವ್‌ಗೆ ಮೂರರಂತೆ, ಸತ್ತಿರಲಿ ಬದುಕಿರಲಿ, ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ವ್ಯಾಪಾರಿ ತಂದು ತೋರಿಸಿದರೂ ಹಣ ಎಣಿಸಿ ಕೊಡಲಾಗುತ್ತಿತ್ತು.

ಕೇಳಿದರೆ ನಗು ಬರಬಹುದು. ಆದರೆ ದೊರೆಯ ಲೆಕ್ಕ ದಡ್ಡತನದ್ದಲ್ಲ. ದಾರಿಯ ನಷ್ಟವೆಲ್ಲ ವ್ಯಾಪಾರಿಯ ತಲೆಗೇ ಬಿದ್ದರೆ ಆತ ಬೇರೆ ಬಂದರಿಗೆ ಹೋದಾನು. ಕುದುರೆ ಶತ್ರುವಿನ ಲಾಯ ಸೇರೀತು. ಹಾಗಾಗಿ ಕಡಲಿನ ಅಪಾಯವನ್ನು ಕೊಳ್ಳುವವನೇ ಹೊತ್ತುಕೊಂಡ.

ಇಂದು ಇದೇ ಕರಾರು ಬೇರೆ ಹೆಸರಿನಲ್ಲಿದೆ. ವಿದೇಶಿ ತಯಾರಕರು ದರಪಟ್ಟಿಯಲ್ಲಿ ‘ಎಫ್‌ಒಬಿ’, ‘ಸಿಐಎಫ್’ ಎಂಬ ಮೂರಕ್ಷರಗಳನ್ನು ಬರೆದಿರುತ್ತಾರೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಿಂದ ಇಂಥ ಕರಾರುಗಳ ಅರ್ಥವನ್ನು ಗೊತ್ತುಪಡಿಸುತ್ತ ಬಂದಿದೆ. ಎಫ್‌ಒಬಿ ಎಂದರೆ ಸರಕು ಹೊರಡುವ ಬಂದರಿನಲ್ಲಿ ಹಡಗು ಏರಿದ ಕ್ಷಣದಿಂದ ಅದರ ಅಪಾಯ ಕೊಂಡವನದು. ಸಾಗಣೆ ವೆಚ್ಚವೂ ಅವನದೇ. ಸಿಐಎಫ್‌ನಲ್ಲಿ ಸಾಗಣೆಯನ್ನೂ ವಿಮೆಯನ್ನೂ ಮಾರುವವನು ಮಾಡಿಸುತ್ತಾನೆ. ಆದರೆ ಅಲ್ಲಿಯೂ ಸರಕು ಹಡಗೇರಿದ ಮೇಲೆ ಅಪಾಯ ಕೊಂಡವನದೇ. ಇದನ್ನು ಅರಿಯದೆ, ಮನೆಬಾಗಿಲಿಗೆ ಬರುವವರೆಗೆ ಅವರದೇ ಹೊಣೆ ಎಂದು ನಂಬಿ ಹಣ ಕಳಿಸಿದ ಹೊಸ ಆಮದುಗಾರನ ಪಾಲಿಗೆ ಕೊನೆಗೆ ಬಾಲವೇ ಉಳಿಯುತ್ತದೆ. ವಿಮೆ ಇದ್ದರೆ ಬಾಲಕ್ಕೂ ಹಣ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಬಾರದ ಪಶುವೈದ್ಯ

ಕುದುರೆ ಬಂದರಿಗೆ ಮುಟ್ಟಿದರೆ ಕೆಲಸ ಮುಗಿಯಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿ ವರ್ಷ ವರ್ಷವೂ ಕುದುರೆಗಳು ಭಾರೀ ಸಂಖ್ಯೆಯಲ್ಲಿ ಸಾಯುತ್ತಿದ್ದವೆಂದು ಬರೆಯುತ್ತಾನೆ. ಮಾಂಸ ಬೆರೆಸಿ ಬೇಯಿಸಿದ ಅನ್ನವನ್ನು ಅವಕ್ಕೆ ತಿನ್ನಿಸುತ್ತಿದ್ದರಂತೆ. ಕುದುರೆಯ ಆರೈಕೆ ಬಲ್ಲವರು ಅಲ್ಲಿರಲಿಲ್ಲ. ಅರಬ್ ವ್ಯಾಪಾರಿಗಳು ಕುದುರೆಗಳನ್ನು ತರುತ್ತಿದ್ದರೇ ಹೊರತು ಚಿಕಿತ್ಸೆ ಬಲ್ಲವರನ್ನು ಅತ್ತ ಹೋಗಗೊಡುತ್ತಿರಲಿಲ್ಲ ಎಂಬುದು ಆತನ ಆರೋಪ. ಹಳೆಯ ಕುದುರೆಗಳು ಸತ್ತಷ್ಟೂ ಹೊಸವು ಮಾರಾಟವಾಗುತ್ತವಲ್ಲ!

ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಆತ ಕಂಡ ಕೊರತೆ ನಿಜವಾದದ್ದೇ. ಸರಕನ್ನು ಕೊಂಡು ಅದರ ಅರಿವನ್ನು ಕೊಳ್ಳದವನು ಮಾರುವವನ ಹಂಗಿನಲ್ಲೇ ಉಳಿಯುತ್ತಾನೆ.

ಕನ್ನಡದವರು ಈ ಅರಿವಿನ ಬಗ್ಗೆ ಉದಾಸೀನರಾಗಿರಲಿಲ್ಲ ಎನ್ನುವುದಕ್ಕೆ ಪುರಾವೆಗಳಿವೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಹನ್ನೆರಡನೆಯ ಶತಮಾನದಲ್ಲೇ ದನಗಳ ಚಿಕಿತ್ಸೆ ಕುರಿತು ‘ಗೋವೈದ್ಯ’ ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ಕುದುರೆಗಳ ಚಿಕಿತ್ಸೆ ಕುರಿತು ಕನ್ನಡದಲ್ಲಿ ಗ್ರಂಥ ರಚಿಸಿದ. ಹಡಗಿನಲ್ಲಿ ಬಂದ ಪ್ರಾಣಿಯ ಕಾಯಿಲೆಗೆ ಇಲ್ಲಿನ ಭಾಷೆಯಲ್ಲಿ ಮದ್ದು ಹುಡುಕುವ ಕೆಲಸ ಅದು.

ಕುಣಿಗಲ್ಲಿನ ದಾರಿ

ಜನಪದ ಹಾಡಿನಲ್ಲಿ ಕೆರೆಯಿಂದ ಹೆಸರಾದ ಕುಣಿಗಲ್ಲು ಕುದುರೆಯವರಿಗೆ ಗೊತ್ತಿರುವುದು ಅಲ್ಲಿನ ಸ್ಟಡ್ ಫಾರ್ಮಿನಿಂದ. ನಾನ್ನೂರು ಎಕರೆಗೂ ಮಿಕ್ಕಿದ ಈ ಕುದುರೆ ಫಾರಂ ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಆರಂಭವಾಯಿತೆಂಬ ಮಾತು ರೂಢಿಯಲ್ಲಿದೆ. ಕಾಲ ಬದಲಾದಂತೆ ಸೈನ್ಯದ ಕುದುರೆಗಳ ಜಾಗಕ್ಕೆ ರೇಸ್ ಕುದುರೆಗಳು ಬಂದವು. 1992ರಲ್ಲಿ ಸರ್ಕಾರ ಇದನ್ನು ವಿಜಯ್ ಮಲ್ಯ ಅವರ ಸಮೂಹಕ್ಕೆ ಸೇರಿದ ಕಂಪನಿಗೆ 30 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆಯ ಅವಧಿ ಮುಗಿದ ಬಳಿಕ, 2024ರಲ್ಲಿ, ಈ ನೆಲದಲ್ಲಿ ಉಪನಗರ ಕಟ್ಟುವ ಸರ್ಕಾರದ ಯೋಜನೆಗೆ ವಿರೋಧವೂ ಎದ್ದಿತು.

ಇಲ್ಲಿನ ಪದ್ಧತಿ ವಿಜಯನಗರದ್ದಕ್ಕಿಂತ ಭಿನ್ನ. ಪ್ರತಿ ವರ್ಷ ಸಾವಿರಾರು ಕುದುರೆಗಳನ್ನು ತರಿಸುವ ಬದಲು ಹೊರದೇಶದಿಂದ ಕೆಲವೇ ಬೀಜದ ಕುದುರೆಗಳನ್ನು ತರಿಸಿ ಮರಿಗಳನ್ನು ಇಲ್ಲಿಯೇ ಬೆಳೆಸುವುದು. ಹಸುಗಳಲ್ಲಿ ಆಗುವಂತೆ ವಿದೇಶದಿಂದ ವೀರ್ಯದ ನಳಿಕೆ ತರಿಸಿದರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ರೇಸಿನ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ವಂಶಾವಳಿ ಪುಸ್ತಕದಲ್ಲಿ ಜಾಗವಿಲ್ಲ. ಆದ್ದರಿಂದ ಕುದುರೆಯೇ ಬರಬೇಕು. ಆದರೆ ಅದರ ಜೊತೆಗೆ ಮೇವು, ವೈದ್ಯ, ಲಾಳ ಕಟ್ಟುವವ ಎಲ್ಲರೂ ಕಡಲಾಚೆಯಿಂದಲೇ ಬರಬೇಕಿಲ್ಲ.

ಮೇವಿನ ಹೆಸರುಗಳಲ್ಲೇ ಈ ಕೊಡುಕೊಳೆಯ ಗುರುತಿದೆ. ತುಮಕೂರು ಜಿಲ್ಲೆಯ ಹೊಲಗಳ ಹುರುಳಿಗೆ ಇಂಗ್ಲಿಷರು ಇಟ್ಟ ಹೆಸರು ‘ಹಾರ್ಸ್‌ಗ್ರಾಂ’. ಕುದುರೆಗೆ ಬೇಯಿಸಿ ಹಾಕುವುದನ್ನು ಕಂಡು ಇಟ್ಟ ಹೆಸರದು. ಅತ್ತ ಪಶ್ಚಿಮ ಏಷ್ಯಾ ಮೂಲದ ಲೂಸರ್ನ್ ಸೊಪ್ಪನ್ನು ನಮ್ಮ ರೈತರು ‘ಕುದುರೆಮಸಾಲೆ’ ಎಂದು ಕರೆದು ತಮ್ಮದಾಗಿಸಿಕೊಂಡರು. ಊರಿನ ಕಾಳು ಹೊರಗಿನವರ ಬಾಯಲ್ಲಿ, ಹೊರಗಿನ ಸೊಪ್ಪು ಊರಿನವರ ಬಾಯಲ್ಲಿ, ಎರಡೂ ಕುದುರೆಯ ಹೆಸರು ಹೊತ್ತವು.

ಸಂತೆಯೂ ಕಂಟೇನರೂ

ನಾಟಕ ಕಂಪನಿಯಿಂದ ಮನೆಮಾತಾದ ಗುಬ್ಬಿ ಅದಕ್ಕೂ ಮುಂಚೆ ವ್ಯಾಪಾರದ ಊರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಸಂತೆಯನ್ನು ಗಮನಿಸಿದ್ದಾನೆ. ನಗರದ ಮಲೆನಾಡಿನ ಅಡಿಕೆ ಇಲ್ಲಿ ಕೈ ಬದಲಾಯಿಸಿ ಪೂರ್ವದ ವಾಲಾಜಾಪೇಟೆಯತ್ತ ಹೋಗುತ್ತಿತ್ತು. ಬೆಳೆಗಾರನಿಗೆ ವಾಲಾಜಾಪೇಟೆ ಗೊತ್ತಿರಬೇಕಿರಲಿಲ್ಲ. ನಡುವೆ ಗುಬ್ಬಿ ಇತ್ತು.

ಇಂದಿನ ಆಮದು ವ್ಯಾಪಾರವೂ ಇಂಥ ನಡುವಿನವರನ್ನೇ ನಂಬಿದೆ. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ. ಜಿಲ್ಲಾ ಕೇಂದ್ರದ ಒಂದು ಅಂಗಡಿ ಅದನ್ನು ತುಂಬಿಸಿ ಮಾರುವಷ್ಟರಲ್ಲಿ ಅರ್ಧ ಸರಕಿನ ಅವಧಿ ಮೀರೀತು. ಒಣ ಆಹಾರದ ಆಯುಸ್ಸು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ. ಅದರಲ್ಲಿ ಕೆಲವು ವಾರಗಳನ್ನು ಸಮುದ್ರವೇ ನುಂಗುತ್ತದೆ. ಬಂದರಿನ ತಪಾಸಣೆ, ಗೋದಾಮು, ವಿತರಕರು ಉಳಿದದ್ದರಲ್ಲಿ ಪಾಲು ಕೇಳುತ್ತಾರೆ. ಆದ್ದರಿಂದ ಚಿಲ್ಲರೆ ಅಂಗಡಿಯವರು ಮಹಾನಗರದ ಆಮದುಗಾರರಿಂದ ಹತ್ತಾರು ಚೀಲ ಕೊಳ್ಳುವುದೇ ವಾಡಿಕೆ. ಲಾಭದ ಅಂಚು ಕಿರಿದಾಗುತ್ತದೆ, ಆದರೆ ಹಡಗಿನ ಚಿಂತೆ ಇಲ್ಲ.

ಕುದುರೆಗೆ ಮಾಡಿದ ಕಾನೂನು

ನೇರವಾಗಿ ತರಿಸುವ ಧೈರ್ಯ ಮಾಡಿದವರಿಗೆ ಮೊದಲು ಬೇಕಾದದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಆಮದು-ರಫ್ತು ಸಂಕೇತ ಸಂಖ್ಯೆ. ನೈಲಾನ್ ಬೆಲ್ಟು, ಉಕ್ಕಿನ ಬಟ್ಟಲಿನಂಥ ವಸ್ತುಗಳು ಉಳಿದ ಸಾಮಾನುಗಳಂತೆಯೇ ಸುಂಕ ತೆತ್ತು ಹೊರಬರುತ್ತವೆ. ಮಾಂಸ, ಮೀನು, ಮೂಳೆಪುಡಿ ಸೇರಿದ ಆಹಾರದ ಮಾತು ಬೇರೆ.

ಅದಕ್ಕೆ ಅನ್ವಯಿಸುವುದು 1898ರ ಜಾನುವಾರು ಆಮದು ಕಾಯಿದೆ. ಸೋಂಕು ರೋಗ ಹಡಗಿನಲ್ಲಿ ಬಂದು ಇಳಿಯದಂತೆ ತಡೆಯಲು ಬ್ರಿಟಿಷ್ ಸರ್ಕಾರ ಮಾಡಿದ ಈ ಕಾಯಿದೆ ಜಾನುವಾರು ಎಂದರೆ ಯಾವುವು ಎಂದು ಹೇಳುವಾಗ ಮೊದಲು ಹೆಸರಿಸುವುದೇ ಕುದುರೆಯನ್ನು. 2001ರ ತಿದ್ದುಪಡಿ ಪ್ರಾಣಿಜನ್ಯ ಉತ್ಪನ್ನಗಳನ್ನೂ ಇದರ ವ್ಯಾಪ್ತಿಗೆ ತಂದಿತು. ಹೀಗೆ ಕುದುರೆಗಾಗಿ ಮಾಡಿದ ಕಾನೂನಿನ ಕೆಳಗೇ ಇಂದು ಬೆಕ್ಕಿನ ಆಹಾರ ಬರುತ್ತದೆ. ಸರಕು ಹೊರಡುವ ಮುನ್ನವೇ ಕೇಂದ್ರ ಪಶುಸಂಗೋಪನಾ ಇಲಾಖೆಯಿಂದ ‘ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್’ ಎಂಬ ಪರವಾನಗಿ ಪಡೆಯಬೇಕು. ಕಳಿಸುವ ದೇಶದ ಪಶುವೈದ್ಯಾಧಿಕಾರಿಯ ಆರೋಗ್ಯ ಪತ್ರ ಜೊತೆಗಿರಬೇಕು. ಇಲ್ಲಿಗೆ ಬಂದ ಮೇಲೆ ಪಶು ಕ್ವಾರಂಟೈನ್ ಅಧಿಕಾರಿಗಳು ಪರಿಶೀಲಿಸಬೇಕು. ಪರವಾನಗಿ ಆಮೇಲೆ ನೋಡಿಕೊಳ್ಳೋಣ ಎಂದು ಸರಕು ತರಿಸಿದರೆ ಬಂದರಿನ ಬಾಡಿಗೆಯೇ ಅಸಲನ್ನು ನುಂಗೀತು.

ಚೀಲದ ಹಿಂದಿನ ಸಣ್ಣ ಅಕ್ಷರಗಳಿಗೂ ಕಾನೂನೇ ಕಾರಣ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಆಮದುಗಾರರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಚಿಲ್ಲರೆ ಬೆಲೆ, ದೂರಿಗೆ ಸಂಪರ್ಕ ಇರಲೇಬೇಕು. ಪ್ಯಾರಿಸ್ಸಿನ ಕಂಪನಿಯನ್ನು ತುಮಕೂರಿನ ಗ್ರಾಹಕ ಹುಡುಕಿಕೊಂಡು ಹೋಗಲಾರ. ಆದ್ದರಿಂದ ಜವಾಬು ಹೇಳಲು ಈ ದೇಶದಲ್ಲೇ ಒಂದು ವಿಳಾಸ.

ಚೀಲದೊಳಗಿನ ಅರಿವು

ನಾಯಿ ಬಿಸ್ಕತ್ತಿನ ಉದ್ಯಮಕ್ಕೂ ಹಡಗಿಗೂ ಹಳೆಯ ನಂಟು. ಅಮೆರಿಕದ ಜೇಮ್ಸ್ ಸ್ಪ್ರಾಟ್ 1860ರ ಸುಮಾರಿಗೆ ಲಂಡನ್ನಿನಲ್ಲಿ ಇದನ್ನು ಆರಂಭಿಸಿದ. ನಾವಿಕರು ಎಸೆದ ಒಣ ಬಿಸ್ಕತ್ತಿಗೆ ಬೀದಿನಾಯಿಗಳು ಮುಗಿಬೀಳುವುದನ್ನು ಕಂಡು ಅವನಿಗೆ ಈ ಉಪಾಯ ಹೊಳೆಯಿತೆಂಬ ಕಥೆಯಿದೆ. ಅಂದಿನಿಂದ ಈ ಚೀಲಗಳಲ್ಲಿ ಮಾರಾಟವಾಗುತ್ತಿರುವುದು ಹಿಟ್ಟು, ಮಾಂಸ ಮಾತ್ರವಲ್ಲ; ಪ್ರಾಣಿಗೆ ಏನು ಬೇಕೆಂಬ ತಿಳಿವಳಿಕೆ ಕೂಡ.

ಬೆಕ್ಕನ್ನೇ ನೋಡಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸದಿಂದ, ಮೀನಿನಿಂದ ಸಿಗಬೇಕು. ಬರೀ ಹಾಲು-ಅನ್ನದಲ್ಲಿ ಬೆಳೆದ ಬೆಕ್ಕು ಇಲಿ ಹಿಡಿದು ಕೊರತೆ ತುಂಬಿಕೊಳ್ಳುತ್ತಿತ್ತು. ಮಹಡಿ ಮನೆಯ ಬೆಕ್ಕಿಗೆ ಇಲಿ ಎಲ್ಲಿ? ಆದರೆ ತಯಾರಕರೂ ಸರ್ವಜ್ಞರಲ್ಲ. ಟಾರಿನ್ ಕೊರತೆಯಿಂದ ಬೆಕ್ಕುಗಳ ಹೃದಯ ದುರ್ಬಲವಾಗುತ್ತದೆಂದು ಅಮೆರಿಕದ ಸಂಶೋಧಕರು ತೋರಿಸಿದ್ದು 1987ರಲ್ಲಿ. ಆ ಬೆಕ್ಕುಗಳು ತಿನ್ನುತ್ತಿದ್ದುದು ಕಾರ್ಖಾನೆಯ ಆಹಾರವನ್ನೇ! ಆಮೇಲೆ ಅದರ ಪ್ರಮಾಣವನ್ನು ಹೆಚ್ಚಿಸಲಾಯಿತು.

2007ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಚೀನಾದಿಂದ ಬಂದ ಗೋಧಿ ಪ್ರೋಟೀನಿನಲ್ಲಿ ಮೆಲಮಿನ್ ಬೆರೆತಿದ್ದು, ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಹತ್ತಾರು ಬ್ರಾಂಡುಗಳನ್ನು ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ಪ್ರೋಟೀನಿನ ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಮೆಲಮಿನ್‌ನಲ್ಲಿ ಅದು ಹೇರಳ. ಪರೀಕ್ಷೆಯಲ್ಲಿ ಪಾಸಾದ ವಿಷ ಅದು. ಕಾಗದಪತ್ರ ಸರಿಯಿದ್ದರೂ ಸರಕು ಕೆಟ್ಟಿರಬಹುದು ಎಂಬ ಎಚ್ಚರಿಕೆ ಇಲ್ಲಿದೆ. ಅಂಥ ವೇಳೆ ಕೆಟ್ಟ ಚೀಲವನ್ನು ಗುರುತಿಸಲು ಉಳಿಯುವ ದಾರಿ ಅದರ ಮೇಲಿನ ಬ್ಯಾಚ್ ಸಂಖ್ಯೆ. ಲೇಬಲ್ಲಿಲ್ಲದ ಡಬ್ಬಿಯಿಂದ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವಲ್ಲಿ ಆ ದಾರಿಯೂ ಮುಚ್ಚುತ್ತದೆ.

ಕುಣಿಗಲ್ಲು ಕುದುರೆಯಲ್ಲಿ ಮಾಡಿದ್ದನ್ನು ಆಹಾರದಲ್ಲಿಯೂ ದೇಶ ಮಾಡತೊಡಗಿದೆ. ಪೆಡಿಗ್ರಿ ಹೈದರಾಬಾದ್ ಬಳಿಯ ಕಾರ್ಖಾನೆಯಿಂದ ಬರುತ್ತದೆ. ಡ್ರೂಲ್ಸ್ ಛತ್ತೀಸಗಢದ ರಾಜನಾಂದಗಾಂವ್‌ನದು. ಹಾಗೆಂದು ಆಮದು ನಿಲ್ಲುವುದಿಲ್ಲ. ಮೂತ್ರಪಿಂಡದ ಕಾಯಿಲೆಯಂಥವಕ್ಕೆ ವೈದ್ಯರು ಬರೆದುಕೊಡುವ ವಿಶೇಷ ಆಹಾರಗಳಲ್ಲಿ ಅನೇಕವು ಹೊರದೇಶದವೇ.

ಆದ್ದರಿಂದ ಅಂಗಡಿಯಾತ ವಿತರಕನಿಂದ ರಸೀದಿಯನ್ನೂ ಆಮದುಗಾರರ ವಿಳಾಸವಿರುವ ಚೀಲವನ್ನೂ ಕೇಳಿ ಪಡೆಯಬೇಕು. ಕೊಳ್ಳುವವರು ಚಿತ್ರ ನೋಡಿದ ಮೇಲೆ ಚೀಲವನ್ನೊಮ್ಮೆ ತಿರುಗಿಸಿ ತಿಂಗಳು, ವಿಳಾಸ, ಬ್ಯಾಚ್ ಸಂಖ್ಯೆ ಓದಬೇಕು. ಯಾವ ಪ್ರಾಣಿಗೆ ಯಾವುದು ಬೇಕೆಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಮಾರ್ಕೊ ಪೋಲೊ ಕಂಡ ದೊರೆಗಳಿಗೆ ಆ ಅನುಕೂಲ ಇರಲಿಲ್ಲ.