ಗುಜರಿ ಕಬ್ಬಿಣದ ಜಾತಕ

ನನಗೆ ಬೇಕಾಗಿದ್ದದ್ದು ಒಂದೂವರೆ ಅಡಿ ರೈಲು ಹಳಿ. ಕೇಳಿದ್ದೇ ತಡ, ಗುಜರಿ ಅಂಗಡಿಯವನು ತಕ್ಕಡಿ ಬಿಟ್ಟು ಎದ್ದು ಬಂದ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಸಾರ್, ನೀವು ಮೇಷ್ಟ್ರು. ಈ ಮಾತು ನಿಮ್ಮ ಬಾಯಲ್ಲಿ ಬರಬಾರದು" ಎಂದ.

ಅವನ ಹೆದರಿಕೆಗೆ ಕಾರಣವಿತ್ತು. ರೈಲ್ವೆಯ ಸ್ವತ್ತು ಯಾರ ಬಳಿ ಸಿಕ್ಕರೂ, ಅದು ತನಗೆ ನ್ಯಾಯವಾಗಿ ಬಂದದ್ದು ಎಂದು ಅವರೇ ತೋರಿಸಿಕೊಡಬೇಕು. ಇದಕ್ಕೆಂದೇ 1966ರ ಒಂದು ಕಾಯ್ದೆ ಇದೆ. ಮೊದಲ ಸಲ ಸಿಕ್ಕಿಬಿದ್ದರೇ ಐದು ವರ್ಷದವರೆಗೆ ಜೈಲು. ಹಳೆಯ ಹಳಿಗಳನ್ನು ರೈಲ್ವೆಯವರು ಹರಾಜು ಹಾಕುತ್ತಾರೆ ನಿಜ, ಆದರೆ ಅಲ್ಲಿ ಲೆಕ್ಕವೆಲ್ಲ ಟನ್ನುಗಳಲ್ಲಿ. ಒಂದೂವರೆ ಅಡಿಯ ಗಿರಾಕಿಗೆ ಅಲ್ಲಿ ಜಾಗವಿಲ್ಲ.

ಹಳಿ ಯಾಕೆ ಬೇಕಿತ್ತು ಅಂದರೆ, ಅಡಿಗಲ್ಲಿಗೆ. ಮಂತ್ರಿಗಳು ಬಂದು ಹಾಕಿ ಹೋಗುವ ಅಡಿಗಲ್ಲಲ್ಲ, ಕಮ್ಮಾರ ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲು. ಈಗಿನ ಮುಖ್ಯ ಮಾರ್ಗದ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ. ಒಂದೂವರೆ ಅಡಿ ಅಂದರೆ 27 ಕಿಲೋ. ಇಂಗಾಲ ಚೆನ್ನಾಗಿರುವ ಗಟ್ಟಿ ಉಕ್ಕು, ಸುತ್ತಿಗೆ ಏಟಿಗೆ ತಗ್ಗು ಬೀಳುವುದಿಲ್ಲ. ಹವ್ಯಾಸಕ್ಕೆ ಕುಲುಮೆ ಹೂಡಿದವರೆಲ್ಲ ಮೊದಲು ಕನಸು ಕಾಣುವುದು ಇದನ್ನೇ.

ನಾನು ಭದ್ರಾವತಿಯವನು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಇವೆರಡೇ ಬಂಡವಾಳ. ಅಪ್ಪ ಆ ಕಾರ್ಖಾನೆಯಲ್ಲಿ ದುಡಿದವರು. ನಾನು ಮಾತ್ರ ಕಬ್ಬಿಣದ ಹತ್ತಿರಕ್ಕೂ ಹೋಗದೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಫ್ಯಾರಡೆಯ ವಿದ್ಯುತ್ ಪ್ರಯೋಗಗಳನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆತ ಕಮ್ಮಾರನ ಮಗ ಎಂಬುದಾಗಲಿ, 1820ರ ಸುಮಾರಿಗೆ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ನಮ್ಮ ಕಡೆಯ ಉಕ್ಕಿನ ಗುಟ್ಟು ಹುಡುಕಲು ಹೆಣಗಿದ್ದ ಎಂಬುದಾಗಲಿ ನಿವೃತ್ತಿಯಾಗುವ ತನಕ ನನಗೆ ಗೊತ್ತಿರಲಿಲ್ಲ. ಆ ಉಕ್ಕನ್ನು ಇಂಗ್ಲಿಷರು 'ವೂಟ್ಸ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತೇ ಕೆಟ್ಟು ಹಾಗಾದದ್ದು ಎಂದು ಬಲ್ಲವರು ಹೇಳುತ್ತಾರೆ.

ನಿವೃತ್ತಿಯಾದ ಮೇಲೆ ಹಿತ್ತಲಿನ ಹಲಸಿನ ಮರದ ಕೆಳಗೆ ಲಾರಿಯ ಹಳೆಯ ಬ್ರೇಕ್ ಡ್ರಮ್ಮಿನಲ್ಲಿ ಕುಲುಮೆ ಹೂಡಿದೆ. ಉರುವಲು ತೆಂಗಿನ ಚಿಪ್ಪಿನ ಇದ್ದಿಲು, ತಿದಿಯ ಬದಲು ಕೈಯಲ್ಲಿ ತಿರುಗಿಸುವ ಬ್ಲೋವರ್. ಕಬ್ಬಿಣ ಬಡಿಯುವುದೇ ಕಮ್ಮಾರಿಕೆ ಎಂದುಕೊಂಡಿದ್ದೆ. ನಾಲ್ಕು ವರ್ಷದ ಮೇಲೆ ಲೆಕ್ಕ ಹಾಕಿದರೆ ಸುತ್ತಿಗೆ ಹಿಡಿದದ್ದು ನಾಲ್ಕಾಣೆ ಪಾಲು. ಮಿಕ್ಕ ಹನ್ನೆರಡಾಣೆಯೂ ಕಬ್ಬಿಣ ಹುಡುಕುವುದರಲ್ಲಿ, ಸಿಕ್ಕಿದ್ದನ್ನು ಕೊಯ್ಯುವುದರಲ್ಲಿ ಹೋಗಿದೆ.

ಗುಜರಿಯಲ್ಲಿ ಬಿದ್ದಿರುವ ಕಬ್ಬಿಣಕ್ಕೆ ಜಾತಕವಿರುವುದಿಲ್ಲ. ಅಂಗಡಿಯಿಂದ ಹೊಸ ಉಕ್ಕು ತಂದರೆ ಅದಕ್ಕೊಂದು ಹೆಸರು, ನಂಬರು ಇರುತ್ತದೆ. ಗುಜರಿಯಲ್ಲಿ ಇರುವುದು ತುಕ್ಕು, ಗ್ರೀಸು, ಇಷ್ಟೇ. ಶುರುವಿನಲ್ಲಿ ಮನೆ ಕಟ್ಟುವ ಟಿಎಂಟಿ ಕಂಬಿಯಿಂದ ಚಾಕು ಮಾಡಿದ್ದೆ. ನೋಡಲು ಚೆನ್ನಾಗಿತ್ತು. ಕಾಯಿಸಿ ನೀರಿಗೆ ಅದ್ದಿದೆ, ಮಸೆದೆ. ನನ್ನಾಕೆ ಅದರಲ್ಲಿ ಒಂದು ಸುವರ್ಣಗೆಡ್ಡೆ ಹೆಚ್ಚುವಷ್ಟರಲ್ಲಿ ಅಲಗು ಮಡಚಿಕೊಂಡಿತು. "ರೀ, ಇದಕ್ಕಿಂತ ನಿಮ್ಮ ಸ್ಕೇಲೇ ವಾಸಿ" ಎಂದಳು. ಕಟ್ಟಡದ ಕಂಬಿಯಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲಿನ ಆಚೀಚೆ. ಬಾಗಬೇಕು, ಬೆಸುಗೆಗೆ ಒಗ್ಗಬೇಕು ಎಂದೇ ಹಾಗೆ ಮಾಡಿರುತ್ತಾರೆ. ಅಲಗಿಗೆ ನೂರಕ್ಕೆ ಅರ್ಧದಷ್ಟಾದರೂ ಬೇಕು, ಮುಕ್ಕಾಲಾದರೆ ಇನ್ನೂ ಒಳ್ಳೆಯದು. ಅಷ್ಟು ಇಂಗಾಲವಿಲ್ಲದ ಕಬ್ಬಿಣವನ್ನು ಯಾವ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ.

ಹಾಗಾದರೆ ಯಾವುದರಲ್ಲಿ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಇದನ್ನು ಕಲಿಸಿದವರು ಪಕ್ಕದ ಹಳ್ಳಿಯ ಆಚಾರ್ರು. ಎಪ್ಪತ್ತು ದಾಟಿದವರು, ಕುಡುಗೋಲು, ಮಚ್ಚು, ಗುದ್ದಲಿ ಮಾಡುತ್ತ ಬಂದವರು. ಅವರ ಮೊದಲ ಪಾಠ: "ಮೇಷ್ಟ್ರೇ, ಅದು ಹಿಂದೆ ಏನು ಕೆಲಸ ಮಾಡ್ತಿತ್ತು, ಅದನ್ನ ಕೇಳಿ." ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುತ್ತಿದ್ದ ಲಾರಿಯ ಕಮಾನು ಪ್ಲೇಟಿನಲ್ಲಿ ಇಂಗಾಲ ನೂರಕ್ಕೆ 0.6ರ ಸುಮಾರು. ಮಚ್ಚಿಗೆ, ಕತ್ತಿಗೆ ಅದೇ ಸರಿ. ಹಳೆಯ ಅರದಲ್ಲಿ ಒಂದು ಪಾಲಿಗೂ ಮೇಲೆ, ಅದು ಉಳಿಗೆ, ಚಾಕುವಿಗೆ. ಬೇರಿಂಗಿನಲ್ಲೂ ಒಂದು ಪಾಲು ಇಂಗಾಲ, ಜೊತೆಗೆ ಒಂದೂವರೆ ಪಾಲು ಕ್ರೋಮಿಯಂ. ಬಡಿಯಲು ಅದು ಮಹಾ ಮೊಂಡು. ಗೇಟು, ಗ್ರಿಲ್ಲು, ಆ್ಯಂಗಲ್ಲು, ಇವೆಲ್ಲ ಮೆತ್ತನೆಯ ಕಬ್ಬಿಣ. ಕೊಕ್ಕೆ, ಮೊಳೆ, ಬಾಗಿಲ ಪಟ್ಟಿಗೆ ಆಯಿತು.

ಎರಡನೆಯದು ಕಿಡಿ. ಗ್ರೈಂಡರಿಗೆ ಮುಟ್ಟಿಸಿದರೆ ಮೆತ್ತನೆಯ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದಂತೆ ಹೋಗಿ ಸುಮ್ಮನೆ ಆರುತ್ತದೆ. ಇಂಗಾಲ ಹೆಚ್ಚಿದಷ್ಟೂ ಗೆರೆಯ ತುದಿ ಒಡೆದು ದೀಪಾವಳಿಯ ಸುರುಸುರು ಬತ್ತಿಯ ಹಾಗೆ ನಕ್ಷತ್ರ ಚಿಮ್ಮುತ್ತದೆ. ಹಾರಿದ ಚೂರು ಗಾಳಿಯಲ್ಲಿ ಉರಿಯುವಾಗ ಅದರೊಳಗಿನ ಇಂಗಾಲವೂ ಉರಿದು ಅನಿಲವಾಗಿ ಚೂರನ್ನೇ ಸಿಡಿಸುವುದರಿಂದ ಹೀಗೆ. ಬೀಡಿನ ಕಿಡಿ ಮಂಕು ಕೆಂಪು, ಗಿಡ್ಡ. ಗೊತ್ತಿರುವ ಮೂರು ತುಂಡು, ಅಂದರೆ ಒಂದು ಕಂಬಿ, ಒಂದು ಕಮಾನು, ಒಂದು ಅರ, ಸದಾ ನನ್ನ ಚೀಲದಲ್ಲಿರುತ್ತವೆ. ಹೊಸ ತುಂಡಿನ ಕಿಡಿಯನ್ನು ಅವುಗಳ ಪಕ್ಕದಲ್ಲೇ ನೋಡುತ್ತೇನೆ. ನೆನಪನ್ನು ನಂಬಿ ಎರಡು ಸಲ ಮೋಸ ಹೋದವನು ನಾನು.

ಎಲ್ಲ ಅಂದುಕೊಂಡಂತೆ ಕಂಡರೂ ಕಮಾನು ಕೈಕೊಡಬಹುದು. ಹತ್ತು ವರ್ಷ ಗಣಿ ಲಾರಿಯಡಿ ಕುಣಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನನ್ನ ಮೊದಲ ಮಚ್ಚನ್ನು ನೀರಿಗೆ ಅದ್ದಿದಾಗ 'ಟಿಂಗ್' ಎಂದಿತು. ಆಚಾರ್ರು ತಿರುಗಿಯೂ ನೋಡದೆ "ಹೋಯ್ತು" ಎಂದರು. ನೋಡಿದರೆ ಬೆನ್ನಿನಿಂದ ಬಾಯಿಯವರೆಗೆ ಕೂದಲೆಳೆಯ ಸೀಳು. ಅಲ್ಲಿ ತಪ್ಪು ಎರಡಿದ್ದವು. ಒಂದು, ಹಳೆಯ ಬಿರುಕು. ಇನ್ನೊಂದು, ಎಣ್ಣೆಗೆ ಅದ್ದಬೇಕಾದದ್ದನ್ನು ನೀರಿಗೆ ಅದ್ದಿದ್ದು.

ಇನ್ನು ಕೊಯ್ಯುವ ವಿಚಾರ. ಕಮಾನು ಪ್ಲೇಟಿನ ಮೇಲೆ ಆಕ್ಸಾ ಬ್ಲೇಡ್ ಆಡಿಸಿ ನೋಡಿ, ಹಲ್ಲೇ ಉದುರುತ್ತದೆ ಹೊರತು ಪ್ಲೇಟಿಗೆ ಗೀರೂ ಬೀಳುವುದಿಲ್ಲ. ಇದಕ್ಕೆ ಆಚಾರ್ರ ಉಪಾಯ ಬೂದಿ. ಸಂಜೆ ಕುಲುಮೆಯಲ್ಲಿ ಪ್ಲೇಟನ್ನು ಮಾಗಿದ ಕಾಫಿ ಹಣ್ಣಿನ ಕೆಂಪಿಗೆ ತರುವುದು, ಬಚ್ಚಲೊಲೆಯ ಒಣ ಬೂದಿಯಲ್ಲಿ ಹೂತು ಮಲಗುವುದು. ಬೆಳಗ್ಗೆ ತೆಗೆದರೂ ಕೈಗೆ ಬೆಚ್ಚಗಿರುತ್ತದೆ. ಹಾಗೆ ನಿಧಾನಕ್ಕೆ ಆರಿದ ಉಕ್ಕಿನ ಗಟ್ಟಿತನ ಇಳಿದಿರುತ್ತದೆ, ಅದೇ ಆಕ್ಸಾ ಬ್ಲೇಡ್ ಈಗ ಕಚ್ಚಿ ಎಳೆಯುತ್ತದೆ. ಆ ಕೆಂಪು ಬಂತೋ ಇಲ್ಲವೋ ಎಂದು ಅನುಮಾನವಾದರೆ ನಾನು ಕಂಬಿಗೆ ಕಟ್ಟಿದ ಅಯಸ್ಕಾಂತ ಹಿಡಿಯುತ್ತೇನೆ. 770 ಡಿಗ್ರಿ ದಾಟಿದ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಕ್ಯೂರಿ ಬಿಂದು ಎಂದು ವರ್ಷವೂ ನೋಟ್ಸ್ ಕೊಟ್ಟಿದ್ದೆ, ಕಣ್ಣಾರೆ ನೋಡಿದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಆಚಾರ್ರಿಗೆ ತೋರಿಸಿದೆ. ಅವರು ಅಯಸ್ಕಾಂತವನ್ನೂ ನನ್ನನ್ನೂ ಒಮ್ಮೆ ನೋಡಿ, "ಕಣ್ಣು ಕಾಣದವರಿಗೆ ಒಳ್ಳೇದು" ಎಂದರು.

ಅವಸರವಿದ್ದರೆ ಗ್ರೈಂಡರ್. ನಾಲ್ಕಿಂಚಿನ ಕಟಿಂಗ್ ವೀಲಿನ ಮೇಲೆ ನಿಮಿಷಕ್ಕೆ ಹದಿನೈದು ಸಾವಿರ ಸುತ್ತಿನ ಮಿತಿ ಬರೆದಿರುತ್ತದೆ. ಆ ಮಿತಿಯಲ್ಲಿ ಅದರ ಅಂಚು ಓಡುವುದು ಸೆಕೆಂಡಿಗೆ 80 ಮೀಟರ್. ನಾಲ್ಕಿಂಚಿನ ವೀಲು ಸಾಲದು ಎಂದು ಗಾರ್ಡ್ ಬಿಚ್ಚಿ ಅದೇ ಮಷೀನಿಗೆ ದೊಡ್ಡ ವೀಲು ಹಾಕುವವರನ್ನು ನೋಡಿದ್ದೇನೆ. ವೀಲು ದೊಡ್ಡದಾದಷ್ಟೂ ಅದು ತಾಳುವ ಸುತ್ತು ಕಡಿಮೆ. ಹದಿನಾಲ್ಕಿಂಚಿನದಕ್ಕೆ ನಾಲ್ಕು ಸಾವಿರ ಚಿಲ್ಲರೆ ಅಷ್ಟೇ. ಸಣ್ಣ ಮಷೀನಿನ ವೇಗಕ್ಕೆ ದೊಡ್ಡ ವೀಲು ಚೂರುಚೂರಾಗಿ ಸಿಡಿಯುತ್ತದೆ. ಈ ಬುದ್ಧಿ ಹೇಳುವ ನಾನೂ ಸಾಚಾ ಅಲ್ಲ. ಒಂದು ಭಾನುವಾರ ಪಂಚೆಯಲ್ಲೇ ಕೂತು, ಎರಡು ಇಟ್ಟಿಗೆಯ ಮೇಲೆ ಅಡ್ಡ ಇಟ್ಟ ಪಟ್ಟಿಯನ್ನು ನಡುವೆ ಕೊಯ್ಯುತ್ತಿದ್ದೆ. ಕೊಯ್ದಂತೆಲ್ಲ ಪಟ್ಟಿ ಕೆಳಕ್ಕೆ ಬಾಗಿ ಸೀಳಿನ ಬಾಯಿ ಮುಚ್ಚಿಕೊಂಡಿತು, ವೀಲನ್ನು ಕಚ್ಚಿತು. ಮಷೀನು ಕೈಯಿಂದ ಒದ್ದುಕೊಂಡಿತು. ವೀಲಿನ ಒಂದು ಚೂರು ಹಲಸಿನ ಮರಕ್ಕೆ ನಾಟಿತು, ಇನ್ನೊಂದು ಪಂಚೆಯ ಅಂಚು ಹರಿದುಕೊಂಡು ಹೋಯಿತು. ಅಂದಿನಿಂದ ದಪ್ಪ ಹತ್ತಿಯ ಪ್ಯಾಂಟು, ಮುಖಕ್ಕೆ ಪಾರದರ್ಶಕ ಮುಸುಕು. ಪಟ್ಟಿಯ ಒಂದು ತುದಿಯನ್ನು ವೈಸಿಗೆ ಬಿಗಿದು, ಬೀಳುವ ತುದಿಯನ್ನು ಬಿಟ್ಟೇ ಕೊಯ್ಯುತ್ತೇನೆ. ಆಗ ಸೀಳು ತಾನಾಗಿ ಬಾಯಿ ತೆರೆಯುತ್ತದೆ.

ಮನೆಗೇ ತರಬಾರದ ಮಾಲುಗಳೂ ಇವೆ. ಜಿಐ ಪೈಪು, ತಗಡು, ಅಂದರೆ ಸತುವಿನ ಲೇಪವಿರುವ ಯಾವುದನ್ನೂ ಕುಲುಮೆಗೆ ಹಾಕಬೇಡಿ. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಕುಡಿದವರಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ, ಹೆಚ್ಚಾದರೆ ಪುಪ್ಪುಸಕ್ಕೇ ಕುತ್ತು. ಬಾಯಿ ಮುಚ್ಚಿದ ಡ್ರಮ್ಮು, ಟ್ಯಾಂಕು, ಶಾಕ್ ಅಬ್ಸಾರ್ಬರ್ ಕೊಯ್ಯಲು ಹೋದರೆ ಸಿಡಿಯುತ್ತವೆ. ಗುರುತೇ ಸಿಗದ ಭಾರವಾದ ಯಂತ್ರಗಳ ವಿಷಯದಲ್ಲಂತೂ 2010ರ ಏಪ್ರಿಲ್ ನೆನಪಿರಲಿ. ದೆಹಲಿ ವಿಶ್ವವಿದ್ಯಾಲಯ ಹರಾಜಿಗೆ ಹಾಕಿದ್ದ ಹಳೆಯ ವಿಕಿರಣ ಯಂತ್ರವೊಂದನ್ನು ಮಾಯಾಪುರಿಯ ಗುಜರಿಯಲ್ಲಿ ಬಿಚ್ಚಿದರು. ಒಳಗಿದ್ದದ್ದು ಕೋಬಾಲ್ಟ್-60. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಸತ್ತ.

ಹಳಿಯ ಆಸೆ ಬಿಟ್ಟು ವರ್ಷವಾದ ಮೇಲೆ ಗುಜರಿಯವನೇ ಫೋನ್ ಮಾಡಿದ. "ಸಾರ್, ಒಂದು ಶಾಫ್ಟ್ ಬಂದಿದೆ. ಬಿಲ್ ಇದೆ." ಯಾವುದೋ ಸಕ್ಕರೆ ಕಾರ್ಖಾನೆಯಿಂದ ಕಳಚಿ ಬಂದ, ಆರಿಂಚು ದಪ್ಪ, ಐದಡಿ ಉದ್ದದ ರೌಂಡು. ಕಿಡಿ ನೋಡಿದೆ. ಕಂಬಿಗೂ ಕಮಾನಿಗೂ ನಡುವಿನ ನಕ್ಷತ್ರ. ತೂಕ ಎಷ್ಟಾದೀತು ಎನ್ನುವಷ್ಟರಲ್ಲಿ ಅವನು ಬಾಯಲ್ಲೇ ಲೆಕ್ಕ ಒಪ್ಪಿಸಿದ. ಕಂಬಿ ಕಟ್ಟುವವರಿಂದ ಗುಜರಿಯವರವರೆಗೆ ಎಲ್ಲರಿಗೂ ಬಾಯಿಪಾಠವಾದ ಸೂತ್ರ ಅದು: ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕಿಲೋ. 150ರ ವರ್ಗ 22,500, ಭಾಗಿಸಿದರೆ 139. ನನಗೆ ಬೇಕಿದ್ದ ಕಾಲು ಮೀಟರಿಗೆ ಸುಮಾರು 35 ಕಿಲೋ. ಸೂತ್ರ ಯಾಕೆ ಹಾಗಿದೆ ಎಂದು ವಿವರಿಸಲು ನನ್ನೊಳಗಿನ ಮೇಷ್ಟ್ರು ಬಾಯಿ ತೆರೆದ. ಅವನು ಆಗಲೇ ಗ್ಯಾಸ್ ಕಟಿಂಗ್ ಹುಡುಗನನ್ನು ಕೂಗುತ್ತಿದ್ದ.

ಆ ಹುಡುಗನ ಕೆಲಸ ನೋಡುತ್ತ ನಿಂತ ಹೊತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗ್ಯಾಸ್ ಕಟಿಂಗ್ ಎಂದರೆ ಕಬ್ಬಿಣವನ್ನು ಕರಗಿಸಿ ತುಂಡು ಮಾಡುವುದು ಎಂದೇ ತಿಳಿದಿದ್ದೆ. ಅಲ್ಲ, ಅಲ್ಲಿ ಕಬ್ಬಿಣ ಉರಿಯುತ್ತದೆ. ಆಮ್ಲಜನಕದ ಜಾಡಿಯಲ್ಲಿ ಕಾದ ತಂತಿ ಇಳಿಬಿಟ್ಟು ಮಕ್ಕಳಿಗೆ ತೋರಿಸುತ್ತಿದ್ದ ಅದೇ ಪ್ರಯೋಗ, ಆರಿಂಚು ದಪ್ಪದಲ್ಲಿ. ರೌಂಡಿನ ನೆತ್ತಿಯ ಮೇಲೆ ಉಳಿಯಿಂದ ಒಂದು ಕಚ್ಚು ಹಾಕಿ ಚಕ್ಕೆ ಎಬ್ಬಿಸಿದ. ನುಣುಪು ಮೈಗಿಂತ ಎದ್ದ ಚಕ್ಕೆ ಬೇಗ ಕಾಯುತ್ತದೆ. ಎಲ್‌ಪಿಜಿ ಜ್ವಾಲೆಯಲ್ಲಿ ಅಲ್ಲಿಯೇ ಕಾಯಿಸಿದ. 900 ಡಿಗ್ರಿಯ ಆಸುಪಾಸಿಗೆ, ಚಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ, ಸನ್ನೆ ಒತ್ತಿ ಶುದ್ಧ ಆಮ್ಲಜನಕದ ಧಾರೆ ಬಿಟ್ಟ. ಕಬ್ಬಿಣ ಹೊತ್ತಿಕೊಂಡಿತು. ಉರಿದದ್ದು ಕಿಟ್ಟವಾಗಿ ಕೆಳಗಿನಿಂದ ಕಿಡಿಯ ಜೋಗದಂತೆ ಸುರಿಯಿತು. ಒಮ್ಮೆ ಹೊತ್ತಿದ ಮೇಲೆ ಹೆಚ್ಚಿನ ಶಾಖವೆಲ್ಲ ಕಬ್ಬಿಣದ್ದೇ, ಹುಡುಗ ಧಾರೆಯನ್ನು ನಡೆಸಿಕೊಂಡು ಹೋದ ಅಷ್ಟೇ. ಸ್ಟೇನ್‌ಲೆಸ್ ಸ್ಟೀಲಿಗೆ ಈ ಆಟ ನಡೆಯದು. ಅದರ ಮೈಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡು ಲೋಹಕ್ಕಿಂತ ಹೆಚ್ಚಿನ ಶಾಖಕ್ಕೇ ಕರಗುವಂಥದ್ದು, ಮುಚ್ಚಳದ ಹಾಗೆ ಕೂತು ಉರಿ ಒಳಗಿಳಿಯಲು ಬಿಡುವುದಿಲ್ಲ. ನಾನು ಹತ್ತಿರ ಹೋಗಿ ಕಪ್ಪು ಸಿಲಿಂಡರಿನ ವಾಲ್ವಿಗೆ ಕೈ ಚಾಚಿದಾಗ ಹುಡುಗ ಕಿರುಚಿದ, "ಸಾರ್, ಗ್ರೀಸ್ ಕೈ ಮುಟ್ಟಿಸಬೇಡಿ!" ಒತ್ತಡದ ಆಮ್ಲಜನಕಕ್ಕೆ ಗ್ರೀಸು ಸಿಕ್ಕರೆ ಬೆಂಕಿಕಡ್ಡಿಯೇ ಬೇಡ. ಪಾಠ ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ತುಂಡು ಆರಲು ಸಂಜೆಯಾಯಿತು. ಆಟೋದವನು ಬಾಡಿಗೆ ಇಮ್ಮಡಿ ಕೇಳಿದ. ಕೊಯ್ದ ಮುಖದ ಉಬ್ಬುತಗ್ಗು ಗ್ರೈಂಡರಿನಲ್ಲಿ ಸಮ ಮಾಡಲು ಮೂರು ದಿನ. ಉರಿ ತಾಗಿ ಆರಿದ ಆ ಮೇಲ್ಪದರ ಗಟ್ಟಿಯಾಗಿರುತ್ತದೆ, ಅರ ಜಾರುತ್ತದೆ. ಹುಣಸೆ ಮರದ ಕೊರಡಿನಲ್ಲಿ ಗುಳಿ ತೋಡಿ, ರೌಂಡನ್ನು ನಿಲ್ಲಿಸಿ, ಕಬ್ಬಿಣದ ಪಟ್ಟಿ ಸುತ್ತಿ ಬಿಗಿದೆ.

ಆಚಾರ್ರನ್ನು ಕರೆದು ತೋರಿಸಿದೆ. ಅವರು ಸುತ್ತಲೂ ನಡೆದು ನೋಡಿದರು. ಜೇಬಿನಿಂದ ಬೇರಿಂಗಿನ ಗುಂಡು ತೆಗೆದು ಮೊಳದೆತ್ತರದಿಂದ ಬಿಟ್ಟರು. ಅದು ಅರ್ಧಕ್ಕೆ ಪುಟಿಯಿತು. ಮತ್ತೊಮ್ಮೆ ಬಿಟ್ಟರು, ಅಷ್ಟೇ.

"ಸ್ವಲ್ಪ ಮೆತ್ತಗಿದೆ ಮೇಷ್ಟ್ರೇ. ಸುತ್ತಿಗೆ ತಪ್ಪಿ ಬಿದ್ರೆ ಗುರುತು ಬೀಳುತ್ತೆ."

ನನ್ನ ಮುಖ ನೋಡಿದರೇನೋ, ಒಂದು ಗಳಿಗೆ ಬಿಟ್ಟು, "ಇದೇ ಶಾಫ್ಟಲ್ಲಿ ಇನ್ನೊಂದು ತುಂಡು ಸಿಗುತ್ತಾ ಕೇಳಿ. ನಮ್ಮದು ಅಪ್ಪನ ಕಾಲದ್ದು, ನಡುವೆ ತಟ್ಟೆ ಥರ ಸವೆದುಹೋಗಿದೆ" ಎಂದರು.

ಅಲ್ಲಿಂದಲೇ ಗುಜರಿಗೆ ಫೋನ್ ಮಾಡಿದೆ. ಉಳಿದ ನಾಲ್ಕಡಿ ಸೋಮವಾರದ ಲಾರಿಯಲ್ಲಿ ಫರ್ನೇಸಿಗೆ ಹೋಗಿಯಾಗಿತ್ತು.