ಸೊನ್ನೆ ಮೈಲಿಯ ಕಲ್ಲು

ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನ ಇವುಗಳಲ್ಲಿ ಯಾವುದಾದರೊಂದು ಇಲ್ಲದ ಹಳ್ಳಿ ಕನ್ನಡ ನಾಡಿನಲ್ಲಿ ಅಪರೂಪವೇ ಸರಿ. ನಿಂತು ಓದಬಲ್ಲವರಿಗೆ ಊರಿನ ಪೂರ್ವಕಥೆ ಆ ಕಲ್ಲಿನಲ್ಲಿಯೇ ದೊರೆಯುತ್ತದೆ. ಉದ್ಯೋಗನಿಮಿತ್ತ ನಾಗಪುರಕ್ಕೆ ಬಂದು ಇಲ್ಲಿಯೇ ಬೇರುಬಿಟ್ಟ ನಾವು ಈ ಊರಿನ ಕಲ್ಲುಗಳನ್ನು ಅಷ್ಟೇ ಆದರದಿಂದ ಓದಿದ್ದೇವೆಯೇ?

ವಿಧಾನ ಭವನದ ಸಮೀಪದಲ್ಲಿ, ಸೀತಾಬರ್ಡಿ ಕೋಟೆಯಿಂದ ಅನತಿ ದೂರದಲ್ಲಿ, ‘ಝೀರೋ ಮೈಲ್’ ಎಂದು ಎಲ್ಲರಿಗೂ ಪರಿಚಿತವಾದ ಮರಳುಗಲ್ಲಿನ ಸ್ತಂಭವಿದೆ. ಅದರ ಜೊತೆಗೆ ನಾಲ್ಕು ಕುದುರೆಗಳ ವಿಗ್ರಹಗಳೂ ಮೋಜಣಿ ಇಲಾಖೆಯ ೧೯೦೭ನೆಯ ಇಸವಿಯ ಚಿಕ್ಕದೊಂದು ಕಲ್ಲೂ ಇವೆ. ಸಮುದ್ರಮಟ್ಟದಿಂದ ಇಲ್ಲಿಯ ಎತ್ತರ ೧೦೨೦.೧೭೧ ಅಡಿ ಎಂದು ದಾಖಲಾಗಿದೆ. ಸ್ತಂಭದ ಮುಖಗಳಲ್ಲಿ ಹೈದರಾಬಾದಿಗೆ ೩೧೮ ಮೈಲಿ, ಜಬ್ಬಲಪುರಕ್ಕೆ ೧೭೦, ಚಾಂದಾಕ್ಕೆ ೧೨೫, ಸಿವನಿಗೆ ೭೯ ಎಂದು ದೂರಗಳನ್ನು ಕೆತ್ತಲಾಗಿದೆ. ಇದೇ ಭಾರತದ ನಟ್ಟನಡುವೆಂದು ಜನರ ನಂಬಿಕೆ. ಕಲ್ಲಾದರೋ ಎತ್ತರವನ್ನೂ ದೂರವನ್ನೂ ಮಾತ್ರ ಹೇಳುತ್ತದೆ. ಬೆಂಗಳೂರು, ಧಾರವಾಡ, ಮೈಸೂರುಗಳ ಹೆಸರು ಅದರಲ್ಲಿ ಇಲ್ಲ.

ಆದರೂ ಈ ಕಲ್ಲಿನ ಕಥೆಯ ಮೊದಲ ಅಧ್ಯಾಯ ನಡೆದದ್ದು ಕನ್ನಡದ ನೆಲದಲ್ಲಿ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತವನ್ನೆಲ್ಲ ಗಣಿತಕ್ಕನುಸಾರವಾಗಿ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟನು. ೧೮೦೦ರಲ್ಲಿ ಬೆಂಗಳೂರಿನ ಬಳಿಯ ಬಯಲಿನಲ್ಲಿ ಉಕ್ಕಿನ ಸರಪಣಿ ಹಿಡಿದು ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ೧೮೦೨ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನಳೆದು ಕ್ರಮಬದ್ಧವಾದ ಮೋಜಣಿಯನ್ನು ಆರಂಭಿಸಿದನು. ಒಂದು ರೇಖೆಯ ಉದ್ದ ನಿಖರವಾಗಿ ತಿಳಿದರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕೋನಗಳನ್ನು ಅಳೆದು, ಬೆಟ್ಟಕ್ಕೆ ಹೋಗದೆಯೇ ದೂರವನ್ನು ಲೆಕ್ಕ ಹಾಕಬಹುದು. ಹೀಗೆ ತ್ರಿಕೋನದಿಂದ ತ್ರಿಕೋನಕ್ಕೆ ಸಾಗುತ್ತ ಕೆಲಸವು ವರ್ಷಾನುವರ್ಷ ಉತ್ತರಕ್ಕೆ ನಡೆಯಿತು. ಅರ್ಧ ಟನ್ ತೂಕದ ಕೋನಮಾಪಕ ಯಂತ್ರವನ್ನು ಆಳುಗಳು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತು ಸಾಗಿಸಿದರು. ಅವರ ಹೆಸರುಗಳನ್ನು ಯಾವ ಕಲ್ಲಿನಲ್ಲಿಯೂ ಕೆತ್ತಿಲ್ಲ.

ಇತ್ತ ೧೮೧೭ರ ನವೆಂಬರಿನಲ್ಲಿ ಸೀತಾಬರ್ಡಿಯ ಕಾಳಗದಲ್ಲಿ ನಾಗಪುರದ ಭೋಸಲೆಯವರು ಸೋತರು. ಕೆಲವು ವರ್ಷಗಳ ತರುವಾಯ ವೃದ್ಧನಾದ ಲ್ಯಾಂಬ್ಟನ್ ತನ್ನ ಠಾಣ್ಯವನ್ನು ನಾಗಪುರಕ್ಕೆ ಬದಲಾಯಿಸಲು ಹೈದರಾಬಾದಿನಿಂದ ಹೊರಟನು. ಆದರೆ ಅವನು ಇಲ್ಲಿಗೆ ತಲುಪಲಿಲ್ಲ. ೧೮೨೩ರ ಜನವರಿ ೨೦ರಂದು ಹಿಂಗಣಘಾಟದಲ್ಲಿ ತೀರಿಕೊಂಡನು. ಅಲ್ಲಿಯೇ ಅವನ ಸಮಾಧಿ ಇದೆ. ಅವನು ಆರಂಭಿಸಿದ ಮೋಜಣಿಯ ಪರಂಪರೆಯ ಕುರುಹೇ ನಮ್ಮ ೧೯೦೭ರ ಕಲ್ಲು.

ಇನ್ನೊಂದು ಸಂಗತಿ. ೧೯೫೬ರ ನವೆಂಬರ್ ೧ರಂದು ಭಾಷಾವಾರು ಪ್ರಾಂತಗಳಾದಾಗ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿದವು. ಅದೇ ದಿನ ನಾಗಪುರವು ಮಧ್ಯಪ್ರದೇಶದ ರಾಜಧಾನಿಯ ಪಟ್ಟವನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ನಾವು ರಾಜ್ಯೋತ್ಸವದ ದೀಪ ಹಚ್ಚುವ ದಿನ ಈ ಊರಿನ ಪಾಲಿಗೆ ರಾಜಧಾನಿಯ ಪದವಿ ಹೋದ ದಿನವೂ ಹೌದು. ನೆರೆಹೊರೆಯವರೊಡನೆ ಬಾಳುವವರು ಇದನ್ನು ಅರಿತಿರಬೇಕು. ಕಲಬುರ್ಗಿ, ಬೀದರ, ರಾಯಚೂರುಗಳೂ ಅಂದಿನವರೆಗೆ ಹೈದರಾಬಾದ್ ಸೀಮೆಯವೇ. ಆದುದರಿಂದ ಸ್ತಂಭದ ಮೇಲಿನ ‘ಹೈದರಾಬಾದ್ ೩೧೮’ ಎಂಬ ಅಕ್ಷರಗಳು ನಮ್ಮಲ್ಲಿ ಅನೇಕರ ಹಿರಿಯರ ಊರಿನ ದಾರಿಯನ್ನೂ ತೋರಿಸುತ್ತಿದ್ದವೆನ್ನಬಹುದು.

ಕಲ್ಲು ಶಾಶ್ವತವೆಂಬ ಭ್ರಮೆ ಬೇಡ. ಬೆಂಗಳೂರಿನಲ್ಲಿ ೧೮೬೮ರಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದಿದ್ದರು. ಅದರ ಒಂದು ತುದಿಯ ವೀಕ್ಷಣಾಲಯ ಮೇಖ್ರಿ ವೃತ್ತದ ಬಳಿ ಉಳಿದಿದೆ. ಕಣ್ಣೂರು ಗ್ರಾಮದಲ್ಲಿದ್ದ ಇನ್ನೊಂದು ೨೦೨೪ರಲ್ಲಿ ಇಲ್ಲವಾಯಿತು. ಅದರ ಬೆಲೆ ಬಲ್ಲವರು ಕೆಲವರೇ ಇದ್ದರು. ನಾಗಪುರದ ಸ್ತಂಭಕ್ಕೆ ಅಂತಹ ಗತಿ ಬಂದಿಲ್ಲ. ೨೦೨೧ರಲ್ಲಿ ಆರಂಭವಾದ ಮೆಟ್ರೋ ನಿಲ್ದಾಣವೂ ‘ಝೀರೋ ಮೈಲ್’ ಎಂಬ ಹೆಸರನ್ನೇ ಹೊತ್ತಿದೆ. ಆದರೆ ಹೆಸರು ಉಳಿದ ಮಾತ್ರಕ್ಕೆ ಅರ್ಥ ಉಳಿಯುವುದಿಲ್ಲ. ಅರ್ಥವನ್ನು ಮಕ್ಕಳಿಗೆ ಹೇಳಬೇಕಾದವರು ನಾವು.

ಒಂದು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುನ್ನ, ಮನೆಮಂದಿಯೊಡನೆ ಅಲ್ಲಿಗೆ ನಡೆದು ಹೋಗಿ ಬನ್ನಿ. ದೇಹಕ್ಕೂ ಹಿತ, ಮನಸ್ಸಿಗೂ ಹಿತ. ಮುಂದೆ ಬಲ್ಲಾರ್ಷಾ ಮಾರ್ಗವಾಗಿ ಊರಿಗೆ ಹೊರಟಾಗ, ಹಿಂಗಣಘಾಟ ಬಂದೊಡನೆ ಮಕ್ಕಳನ್ನು ಕಿಟಕಿಯ ಬಳಿಗೆ ಕರೆಯಿರಿ. ಬೆಂಗಳೂರಿನಲ್ಲಿ ಸರಪಣಿ ಹಿಡಿದು ನಾಗಪುರದತ್ತ ಹೊರಟವನೊಬ್ಬ ಈ ಊರಿನಲ್ಲಿ ಮಲಗಿದ್ದಾನೆಂದು ಹೇಳಿರಿ. ಅವನು ಮುಗಿಸದೆ ಬಿಟ್ಟ ಕೊನೆಯ ಹಾದಿಯನ್ನು ನಾವು ಪ್ರತಿ ವರ್ಷವೂ ಹೋಗಿಬಂದು ಮುಗಿಸುತ್ತಿದ್ದೇವೆ.